ಕಟ್ಟಿಕೊಟ್ಟ ಬುತ್ತಿ ಮುಗಿದ ಮೇಲೆ

ಬೇಲೂರಿನಲ್ಲಿರುವ ತಂಗಿಯ ಮನೆಗೆ ಹೋದಾಗಲೆಲ್ಲ ಅವಳ ಮಗನ ಜೊತೆ ಒಂದೆರಡು ಆಟ ಚೆಸ್ ಆಡುವುದು ನನಗೆ ರೂಢಿ. ಅವನು ಹೈಸ್ಕೂಲಿನಲ್ಲಿದ್ದಾಗ ನಾನು ಗೆಲ್ಲುತ್ತಿದ್ದೆ. ಪಿಯುಸಿ ಹೊತ್ತಿಗೆ ಸಮಸಮ ಆಯಿತು. ಈಗ ಎಂಜಿನಿಯರಿಂಗ್ ಮೂರನೇ ವರ್ಷ, ನಾನು ಸೋಲದೆ ಉಳಿದರೆ ಮನೆಯಲ್ಲಿ ಅದೇ ಸುದ್ದಿ. ಕಳೆದ ಸಲ ಹೋದಾಗ ಮಾತ್ರ ಅವನು ಬೋರ್ಡ್ ತೆಗೆಯಲಿಲ್ಲ. ನಡುಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದ.

ವಿಷಯ ಇಷ್ಟು. ಅವನ ಕಾಲೇಜಿನಲ್ಲಿ ಮಕ್ಕಳೆಲ್ಲ ತಮ್ಮದೇ ಚೆಸ್ ಎಂಜಿನ್, ಅಂದರೆ ಚೆಸ್ ಆಡುವ ಪ್ರೋಗ್ರಾಂ, ಬರೆಯಬೇಕು. ಸೆಮಿಸ್ಟರ್ ಕೊನೆಗೆ ಆ ಎಂಜಿನ್‌ಗಳ ನಡುವೆ ಸ್ಪರ್ಧೆ. ಇವನು ಹಗಲು ರಾತ್ರಿ ಕೂತು ಬರೆದ ಎಂಜಿನ್ ಗೆಳೆಯರ ಎಂಜಿನ್‌ಗಳ ಎದುರು ಮೊದಲ ಹತ್ತು ಹನ್ನೆರಡು ನಡೆಯೊಳಗೇ ಕೆಟ್ಟು ಕೂರುತ್ತಿತ್ತಂತೆ. ಮಂತ್ರಿಯನ್ನು ಬೇಗ ಹೊರಗೆ ತಂದು ಓಡಾಡಿಸುವುದು, ರಾಜನನ್ನು ನಡುಬೀದಿಯಲ್ಲೇ ಬಿಟ್ಟುಬಿಡುವುದು, ಹೀಗೆ. ಒಂದು ರಾತ್ರಿ ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಸಿಗುವ ಒಂದು ‘ಓಪನಿಂಗ್ ಬುಕ್’ ಇಳಿಸಿಕೊಂಡು ಎಂಜಿನ್‌ಗೆ ಜೋಡಿಸಿದ. ಅವತ್ತಿನಿಂದ ಗೆಲುವೋ ಗೆಲುವು.

“ಖುಷಿಪಡೋ ವಿಷಯ ಅಲ್ವೇನೋ?” ಎಂದೆ.

“ಅದೇ ಮಾವ, ಖುಷಿ ಆಗ್ತಿಲ್ಲ. ಗೆದ್ದಿದ್ದು ನನ್ನ ಎಂಜಿನ್ನೋ ಆ ಪುಸ್ತಕಾನೋ ಗೊತ್ತಾಗ್ತಿಲ್ಲ. ಹೀಗೇ ಸ್ಪರ್ಧೆಗೆ ಕೊಟ್ರೆ ಮೋಸ ಅನ್ಸುತ್ತೆ. ತೆಗೆದು ಕೊಟ್ರೆ ಸೋಲ್ತೀನಿ.”

“ನಿಯಮ ಏನು ಹೇಳುತ್ತೆ?”

“ಬುಕ್ ಬಗ್ಗೆ ಏನೂ ಬರೆದಿಲ್ಲ.”

“ಬರೆದಿಲ್ಲ ಅಂದ್ಮೇಲೆ ಮೋಸ ಹೇಗಾಗುತ್ತೆ?” ಎಂದು ದೊಡ್ಡವರ ಧಾಟಿಯಲ್ಲಿ ಮುಗಿಸಿಬಿಟ್ಟೆ. ಅವನು ಸುಮ್ಮನಾದ. ಆದರೆ ಒಪ್ಪಿ ಸುಮ್ಮನಾದದ್ದಲ್ಲ ಎಂದು ಗೊತ್ತಾಗುತ್ತಿತ್ತು. ರಾತ್ರಿ ಮಲಗಿದ ಮೇಲೆ ನನಗೂ ನನ್ನ ಉತ್ತರ ಹಿಡಿಸಲಿಲ್ಲ. ನಿಯಮ ತಡೆಯದೆ ಇದ್ದದ್ದೆಲ್ಲ ಸರಿ ಎನ್ನುವುದಾದರೆ ಆ ಹುಡುಗನ ಕಸಿವಿಸಿಗೆ ಅರ್ಥವೇ ಇರುವುದಿಲ್ಲ. ಆ ಕಸಿವಿಸಿಗೆ ಅರ್ಥವಿದೆ ಎಂದೇ ನನಗೆ ಅನ್ನಿಸಿತು. ಈ ಬರಹ ಅದನ್ನು ಹುಡುಕುವ ಪ್ರಯತ್ನ.

*

ಮೊದಲು ಈ ಪುಸ್ತಕ ಎಂದರೇನು ಎಂದು ಹೇಳಿಬಿಡುತ್ತೇನೆ. ಚೆಸ್ ಎಂಜಿನ್ ಆಡುವುದು ಎರಡು ಕೆಲಸಗಳ ಬಲದ ಮೇಲೆ. ನಾನು ಹೀಗೆ ನಡೆದರೆ ಎದುರಾಳಿ ಹಾಗೆ, ಆಮೇಲೆ ನಾನು ಹೀಗೆ ಎಂದು ಮುಂದಿನ ಸಾಧ್ಯತೆಗಳನ್ನು ತಡಕಾಡುವುದು ಒಂದು. ತಡಕಾಟ ನಿಂತ ಜಾಗದಲ್ಲಿ ಯಾರ ಸ್ಥಿತಿ ಚೆನ್ನಾಗಿದೆ ಎಂದು ಬೆಲೆ ಕಟ್ಟುವುದು ಇನ್ನೊಂದು. ಓಪನಿಂಗ್ ಬುಕ್ ಇದ್ದರೆ ಆಟದ ಶುರುವಿನಲ್ಲಿ ಇವೆರಡೂ ಬೇಕಿಲ್ಲ. ದೊಡ್ಡ ಆಟಗಾರರು ಹಿಂದೆ ಆಡಿದ ಸಾವಿರಾರು ಆಟಗಳಿಂದ ಹೆಕ್ಕಿದ ಒಂದು ಪಟ್ಟಿ ಅದು. ಬೋರ್ಡ್ ಹೀಗಿದ್ದಾಗ ಈ ನಡೆ. ಎಂಜಿನ್ ಪಟ್ಟಿ ನೋಡುತ್ತದೆ, ಆಡುತ್ತದೆ. ಯೋಚನೆ ಇಲ್ಲ, ಸಮಯವೂ ಖರ್ಚಾಗುವುದಿಲ್ಲ.

ಬಹಳ ಎಂಜಿನ್‌ಗಳು ಬಳಸುವ ‘ಪಾಲಿಗ್ಲಾಟ್’ ಎಂಬ ಮಾದರಿಯಲ್ಲಿ ಪ್ರತಿ ನಮೂದಿಗೂ 16 ಬೈಟ್ ಜಾಗ. ಬೋರ್ಡಿನ ಸ್ಥಿತಿಯನ್ನು ಗುರುತಿಸುವ ಸಂಖ್ಯೆಗೆ 8, ನಡೆಗೆ 2, ಆ ನಡೆಯ ತೂಕಕ್ಕೆ 2, ಕಲಿಕೆಯ ಲೆಕ್ಕಕ್ಕೆಂದು ಇಟ್ಟ 4. ತೂಕ ಎಂದರೆ ಆ ನಡೆಯನ್ನು ಎಷ್ಟು ಮಟ್ಟಿಗೆ ಆರಿಸಬಹುದು ಎಂಬ ಅಂಕಿ. ಸಾಮಾನ್ಯವಾಗಿ ಎಷ್ಟು ಆಟಗಳಲ್ಲಿ ಅದು ಬಂದಿದೆ, ಎಷ್ಟರಲ್ಲಿ ಗೆದ್ದಿದೆ ಎಂಬುದರಿಂದ ಬರುತ್ತದೆ. ತಂಗಿಯ ಮಗ ಇದನ್ನು ವಿವರಿಸಿದಾಗ ನಾನು ಬೆರಳಲ್ಲಿ ಲೆಕ್ಕ ಹಾಕಿದೆ. ಎಂಟು, ಎರಡು, ಎರಡು, ನಾಲ್ಕು: ಹದಿನಾರೂ ಮುಗಿಯಿತು. ‘ಯಾಕೆ’ ಎಂಬುದಕ್ಕೆ ಒಂದು ಬೈಟೂ ಉಳಿದಿರಲಿಲ್ಲ.

ನಮ್ಮ ಕಡೆ ಒಂದು ಗಾದೆ ಇದೆ: ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಲ್ಲಿಯವರೆಗೆ? ಓಪನಿಂಗ್ ಬುಕ್ ಅಂಥ ಬುತ್ತಿ. ಯಾರೋ ಅಡುಗೆ ಮಾಡಿ ಕಟ್ಟಿಕೊಟ್ಟದ್ದು. ಹಾಸನ ದಾಟುವವರೆಗೆ ಬರಬಹುದು, ಅರಸೀಕೆರೆಯವರೆಗೂ ಬರಬಹುದು. ಆಮೇಲೆ ಒಲೆ ಹಚ್ಚಲು ಬರಬೇಕು.

*

ಈ ಪ್ರಶ್ನೆ ನಮ್ಮ ಹುಡುಗನೊಬ್ಬನದೇ ಅಲ್ಲ. ಯಂತ್ರಗಳ ಚೆಸ್ ಚರಿತ್ರೆಯಲ್ಲಿ ಎಲ್ಲರೂ ನೆನೆಯುವ ಆಟದ ಒಳಗೇ ಅದು ಕೂತಿದೆ. 1997ರ ಮೇ 11ರಂದು ನ್ಯೂಯಾರ್ಕಿನಲ್ಲಿ ಐಬಿಎಂನ ಡೀಪ್ ಬ್ಲೂ ಆಗಿನ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್‌ನನ್ನು ಕೊನೆಯ, ಆರನೆಯ ಆಟದಲ್ಲಿ 19 ನಡೆಗಳಲ್ಲಿ ಸೋಲಿಸಿ ಪಂದ್ಯವನ್ನು 3.5–2.5ರಿಂದ ಗೆದ್ದಿತು. ಆ ಆಟದ ಎಂಟನೆಯ ನಡೆಯಲ್ಲಿ ಡೀಪ್ ಬ್ಲೂ ತನ್ನ ಕುದುರೆಯನ್ನೇ ಬಲಿಕೊಟ್ಟು ಕಾಸ್ಪರೋವ್‌ನ ರಾಜನ ಕೋಟೆ ಒಡೆಯಿತು. ಜಗತ್ತು ಬೆರಗಾಯಿತು. ಆದರೆ ಆ ಬಲಿ ಯಂತ್ರ ಯೋಚಿಸಿ ಕೊಟ್ಟದ್ದಲ್ಲ, ಅದರ ಓಪನಿಂಗ್ ಬುಕ್ಕಿನಲ್ಲಿದ್ದದ್ದು. ಜೋಯೆಲ್ ಬೆಂಜಮಿನ್ ಎಂಬ ಗ್ರ್ಯಾಂಡ್‌ಮಾಸ್ಟರ್ ಇನ್ನು ಕೆಲವು ಗ್ರ್ಯಾಂಡ್‌ಮಾಸ್ಟರ್‌ಗಳ ನೆರವಿನಿಂದ ಸುಮಾರು 4,000 ಸ್ಥಿತಿಗಳ ಪುಸ್ತಕವನ್ನು ಕೈಯಾರೆ ಕಟ್ಟಿದ್ದರು. ಅದರ ಹಿಂದೆ 7,00,000 ಆಟಗಳ ಸಂಗ್ರಹದಿಂದ ತೆಗೆದ ಇನ್ನೊಂದು ದೊಡ್ಡ ಆಸರೆಯೂ ಇತ್ತು.

ಹಾಗಾದರೆ ಕಾಸ್ಪರೋವ್‌ನನ್ನು ಸೋಲಿಸಿದ್ದು ಯಾರು? ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ನೋಡಬಲ್ಲ ಯಂತ್ರವೋ, ಪುಸ್ತಕ ಕಟ್ಟಿದ ಮನುಷ್ಯರೋ, ಆ ಮನುಷ್ಯರಿಗೂ ಮೊದಲು ಆ ನಡೆಯನ್ನು ಆಡಿ ನೋಡಿದ ಹಳೆಯ ಆಟಗಾರರೋ? ಪುಸ್ತಕವೇ ಎಂದು ಹೇಳಿಬಿಡುವುದು ಸುಲಭ. ಆದರೆ ಕುದುರೆ ಬಲಿಕೊಟ್ಟ ಮೇಲಿನ ಹನ್ನೊಂದು ನಡೆಗಳು ಸುಮ್ಮನೆ ಬಂದದ್ದಲ್ಲ. ಬಲಿ ಕೊಡುವುದನ್ನು ಪುಸ್ತಕ ಹೇಳಿಕೊಟ್ಟೀತು, ಕೊಟ್ಟದ್ದಕ್ಕೆ ಬೆಲೆ ವಸೂಲಿ ಮಾಡುವುದನ್ನು ಆಡುವವನೇ ಮಾಡಬೇಕು. ಡೀಪ್ ಬ್ಲೂ ಅದನ್ನು ಮಾಡಿತು.

ಎಲ್ಲ ಎಂಜಿನ್‌ಗಳೂ ಮಾಡುತ್ತಿರಲಿಲ್ಲ. ಹಳೆಯ ಎಂಜಿನ್‌ಗಳಲ್ಲಿ ಒಂದು ತಮಾಷೆಯ ದೋಷ ಇತ್ತು. ‘ಗ್ಯಾಂಬಿಟ್’ ಎಂದರೆ ಶುರುವಿನಲ್ಲಿ ಒಂದು ಪದಾತಿಯನ್ನು ಬಿಟ್ಟುಕೊಟ್ಟು ಅದರ ಬದಲು ವೇಗವಾಗಿ ಸೈನ್ಯವನ್ನು ಹೊರತರುವ ತಂತ್ರ. ಪುಸ್ತಕ ಎಂಜಿನ್‌ನಿಂದ ಅಂಥ ಪದಾತಿಯನ್ನು ಬಿಡಿಸುತ್ತದೆ. ಪುಸ್ತಕ ಮುಗಿಯುತ್ತದೆ. ಈಗ ಎಂಜಿನ್ ಮೊದಲ ಬಾರಿಗೆ ಕಣ್ಣುಬಿಟ್ಟು ನೋಡಿದರೆ ತನ್ನ ಕಡೆ ಒಂದು ಪದಾತಿ ಕಡಿಮೆ! ವೇಗದ ಬೆಲೆ ಅದರ ಲೆಕ್ಕಕ್ಕೆ ಸಿಕ್ಕದು, ಪದಾತಿಯ ಬೆಲೆ ಸಿಗುತ್ತದೆ. ಕಳೆದುಕೊಂಡದ್ದನ್ನು ಮರಳಿ ಪಡೆಯುವ ಆತುರದಲ್ಲಿ ಹೊರಗೆ ಬಂದ ಕುದುರೆ, ಒಂಟೆಗಳನ್ನೆಲ್ಲ ಎಲ್ಲೆಲ್ಲಿಗೋ ಎಳೆದು ಪುಸ್ತಕ ಗಳಿಸಿಕೊಟ್ಟದ್ದನ್ನು ಪೂರಾ ಹಾಳುಮಾಡುತ್ತದೆ. ಒಳ್ಳೆಯ ಪುಸ್ತಕವೇ ಎಂಜಿನ್‌ನ ಬಲವನ್ನು ಕುಗ್ಗಿಸುವುದು ಹೀಗೆ. ನಡೆಯಲ್ಲಿ ತಪ್ಪಿಲ್ಲ, ಎಂಜಿನ್‌ಗೆ ಹೊಂದದ ಜಾಗಕ್ಕೆ ಕರೆದುಕೊಂಡು ಹೋಗಿ ಕೈಬಿಟ್ಟಿತು, ಅಷ್ಟೇ.

ಹಸುವಿನ ಪ್ರಬಂಧ ಬಾಯಿಪಾಠ ಮಾಡಿಕೊಂಡು ಹೋದ ಹುಡುಗನ ಕತೆ ನಿಮಗೆ ಗೊತ್ತು. ಪರೀಕ್ಷೆಯಲ್ಲಿ ತೆಂಗಿನಮರದ ಮೇಲೆ ಪ್ರಬಂಧ ಬರೆಯಿರಿ ಎಂದು ಕೇಳಿದರೆ, ತೆಂಗಿನಮರಕ್ಕೆ ಒಂದು ಹಸುವನ್ನು ಕಟ್ಟಿರುತ್ತಾರೆ ಎಂದು ಶುರುಮಾಡಿ ಹಸುವಿನ ಬಗ್ಗೆಯೇ ಬರೆದು ಬಂದನಂತೆ. ತರಗತಿಯಲ್ಲಿ ಇದನ್ನು ಹೇಳಿ ಮಕ್ಕಳನ್ನು ಎಷ್ಟೋ ಸಲ ನಗಿಸಿದ್ದೇನೆ. ನನ್ನ ಕತೆಯನ್ನು ಮಾತ್ರ ಹೇಳಿರಲಿಲ್ಲ. ಇಲ್ಲಿ ಹೇಳುತ್ತೇನೆ.

ನಾನು ಕನ್ನಡ ಮೇಷ್ಟ್ರಾಗಿ ಕೆಲಸಕ್ಕೆ ಸೇರಿದಾಗ ನನ್ನ ಗುರುಗಳ ಪಾಠದ ಟಿಪ್ಪಣಿಗಳೇ ನನ್ನ ಬಂಡವಾಳ. ಒಬ್ಬ ಹಳಗನ್ನಡ ಕವಿಯ ಬಗ್ಗೆ ಅವರು ಹೇಳಿದ್ದ ಒಂದು ತೀರ್ಮಾನವನ್ನು ನಾನು ವರ್ಷ ವರ್ಷ ಅದೇ ಮಾತಿನಲ್ಲಿ, ಅದೇ ಏರಿಳಿತದಲ್ಲಿ ಹೇಳುತ್ತಿದ್ದೆ. ಆ ಕಾವ್ಯವನ್ನು ಪೂರ್ತಿ ಓದಿರಲಿಲ್ಲ. ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಯಾಕೆ ಸರ್ ಹಾಗನ್ತೀರಿ? ನಮ್ಮ ಪಠ್ಯದಲ್ಲಿರೋ ಭಾಗದಲ್ಲಿ ಹಾಗಿಲ್ವಲ್ಲ” ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು. ನನ್ನ ಪುಸ್ತಕ ಅಲ್ಲಿಗೆ ಮುಗಿದಿತ್ತು. ನಾನು ಮಾಡಿದ್ದೇನು ಗೊತ್ತೇ? “ಮೊದಲು ಸರಿಯಾಗಿ ಓದಿಕೊಂಡು ಬಾ, ಆಮೇಲೆ ಪ್ರಶ್ನೆ ಕೇಳು” ಎಂದು ಗದರಿ ಕೂರಿಸಿದೆ. ಓದಿಕೊಂಡು ಬರಬೇಕಾಗಿದ್ದವನು ನಾನು. ಅವಳು ಆ ವರ್ಷ ಮತ್ತೆ ಪ್ರಶ್ನೆ ಕೇಳಲಿಲ್ಲ.

ಗುರುಗಳ ಮಾತನ್ನು ಎರವಲು ತಂದದ್ದು ನನ್ನ ತಪ್ಪಲ್ಲ ಎಂದು ಈಗಲೂ ಅಂದುಕೊಂಡಿದ್ದೇನೆ. ಎಲ್ಲ ಮೇಷ್ಟ್ರುಗಳೂ ಹಾಗೇ ಶುರುಮಾಡುವುದು. ಎರವಲನ್ನು ನನ್ನದೆಂದು ಆಡಿದೆ, ಅದಕ್ಕೆ ಲೆಕ್ಕ ಕೇಳಿದಾಗ ಕೇಳಿದವಳ ಮೇಲೇ ಹರಿಹಾಯ್ದೆ. ತಪ್ಪು ಇರುವುದು ಅಲ್ಲಿ.

*

ಪುಸ್ತಕವನ್ನು ನಂಬಿ ಕೆಟ್ಟವರಲ್ಲಿ ನನಗಿಂತ ಬಹಳ ದೊಡ್ಡವರೂ ಇದ್ದಾರೆ ಎನ್ನುವುದು ಸಣ್ಣ ಸಮಾಧಾನ. 1988ರಲ್ಲಿ ಸ್ವಿಟ್ಜರ್‌ಲೆಂಡಿನ ಬೀಲ್ ಎಂಬ ಊರಿನ ಟೂರ್ನಿಯಲ್ಲಿ ಹದಿಹರೆಯದ ವಿಶ್ವನಾಥನ್ ಆನಂದ್ ಕೊಲಂಬಿಯಾದ ಅಲೊನ್ಸೊ ಜಪಾಟಾ ಎದುರು ಆರೇ ನಡೆಯಲ್ಲಿ ಸೋತರು. ಐದನೆಯ ನಡೆಯಲ್ಲಿ ಆನಂದ್ ಆಡಿದ್ದು ಹಿಂದಿನ ವರ್ಷ ಟೋನಿ ಮೈಲ್ಸ್ ಮತ್ತು ಲ್ಯಾರಿ ಕ್ರಿಶ್ಚಿಯನ್‌ಸೆನ್ ಎಂಬ ಇಬ್ಬರು ಗ್ರ್ಯಾಂಡ್‌ಮಾಸ್ಟರ್‌ಗಳ ಆಟದಲ್ಲಿ ಬಂದಿದ್ದ ನಡೆ. ಆ ಆಟ ಡ್ರಾ ಆಗಿತ್ತು. ದೊಡ್ಡವರು ಆಡಿದ್ದಾರೆ, ಸೋತಿಲ್ಲ, ಅಂದಮೇಲೆ ಸರಿಯೇ ಇರಬೇಕು. ಆದರೆ ಜಪಾಟಾ ತನ್ನ ಮಂತ್ರಿಯನ್ನು ಒಂದೇ ಮನೆ ಸರಿಸಿ ರಾಜನ ಮುಂದೆ ನಿಲ್ಲಿಸಿದ. ಆನಂದ್ ಅವರ ಕುದುರೆ ನಡುವೆ ಸಿಕ್ಕಿಬಿತ್ತು. ಅಲುಗಾಡುವಂತಿಲ್ಲ, ಏಕೆಂದರೆ ಅದರ ಬೆನ್ನಿಗೆ ಅವರದೇ ರಾಜ. ಉಳಿಸಿಕೊಳ್ಳುವಂತೆಯೂ ಇಲ್ಲ. ಆಟ ಬಿಟ್ಟುಕೊಟ್ಟರು. ಹಿಂದಿನ ವರ್ಷದ ಆಟದಲ್ಲಿ ಈ ಅವಕಾಶ ಬಳಕೆಯಾಗದೆ ಹೋಗಿತ್ತು, ಅಷ್ಟೇ.

ನ್ಯಾಯಶಾಸ್ತ್ರದವರು ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಶಬ್ದವನ್ನೂ ಪ್ರಮಾಣ ಎಂದು ಒಪ್ಪುತ್ತಾರೆ. ಅಂದರೆ ಬೇರೆಯವರ ಮಾತಿನಿಂದಲೂ ನಿಜವಾದ ತಿಳಿವಳಿಕೆ ಬರುತ್ತದೆ. ಇದು ದೊಡ್ಡ ಮಾತು. ಎಲ್ಲವನ್ನೂ ನಾನೇ ಕಂಡು ತಿಳಿಯಬೇಕು ಎಂದು ಹಟ ಹಿಡಿದರೆ ನನ್ನ ಹುಟ್ಟಿದ ದಿನವೂ ನನಗೆ ತಿಳಿಯುವುದಿಲ್ಲ. ಆದರೆ ಅವರು ಒಂದು ಷರತ್ತು ಹಾಕುತ್ತಾರೆ. ಹೇಳುವವನು ಆಪ್ತನಾಗಿರಬೇಕು, ಎಂದರೆ ವಿಷಯವನ್ನು ತಾನು ಬಲ್ಲವನಾಗಿದ್ದು ಇದ್ದದ್ದನ್ನು ಇದ್ದ ಹಾಗೆ ತಿಳಿಸಬೇಕೆಂಬ ಮನಸ್ಸಿನವನಾಗಿರಬೇಕು. ಹಳೆಯ ಆಟಗಳ ಸಂಗ್ರಹ ಈ ಅರ್ಥದಲ್ಲಿ ಆಪ್ತವಾಕ್ಯವೇ? ಅದು ‘ಹೀಗೆ ಆಡಿದರು’ ಎನ್ನುತ್ತದೆ. ‘ಹೀಗೆ ಆಡಬೇಕು’ ಎಂದು ಅದು ಹೇಳಿಯೇ ಇಲ್ಲ. ಆಡಿದರು ಎಂಬುದನ್ನು ಆಡಬೇಕು ಎಂದು ಓದಿಕೊಂಡದ್ದು ನಾವು. ಆನಂದ್ ಸೋತದ್ದು ಈ ಎರಡರ ನಡುವಿನ ಸಂದಿಯಲ್ಲಿ.

*

ಬೆಳಗ್ಗೆ ಕಾಫಿ ಕುಡಿದು ಇಬ್ಬರೂ ದೇವಸ್ಥಾನಕ್ಕೆ ಹೋದೆವು. ಬೇಲೂರಿನವರಿಗೆ ಚೆನ್ನಕೇಶವ ದೇವಾಲಯ ಪ್ರವಾಸದ ಜಾಗವಲ್ಲ, ಮನೆಯ ಹಿತ್ತಲಿದ್ದ ಹಾಗೆ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೂ ತಂಗಿಯ ಮಗನಿಗೆ ಅದು ಬಾಲ್ಯದಲ್ಲಿ ಕಣ್ಣಾಮುಚ್ಚಾಲೆ ಆಡಿದ ಅಂಗಳವೇ. ನಾನು ಅವನನ್ನು ಹೊರಗೋಡೆಯ ವಿಷ್ಣು ಮೂರ್ತಿಗಳ ಮುಂದೆ ನಿಲ್ಲಿಸಿದೆ.

ಶಂಖ, ಚಕ್ರ, ಗದೆ, ಪದ್ಮ ಈ ನಾಲ್ಕನ್ನು ನಾಲ್ಕು ಕೈಗಳಲ್ಲಿ ಎಷ್ಟು ರೀತಿ ಹಿಡಿಸಬಹುದು? ಅವನು ಥಟ್ಟನೆ ಹೇಳಿದ: 24. ಶಾಸ್ತ್ರವೂ ಹೇಳುವುದು ಅದನ್ನೇ. ಕೇಶವ, ನಾರಾಯಣ, ಮಾಧವ ಎಂದು ಮುಂದುವರಿಯುವ ಇಪ್ಪತ್ನಾಲ್ಕು ರೂಪಗಳಿಗೆ ಇಪ್ಪತ್ನಾಲ್ಕು ಜೋಡಣೆ. ಶಿಲ್ಪಿಗೆ ಇಲ್ಲಿ ಆಯ್ಕೆ ಇಲ್ಲ. ಚಕ್ರ, ಗದೆ ಅದಲುಬದಲಾದರೆ ದೇವರೇ ಬೇರೆ. “ಇದು ಪಕ್ಕಾ ಓಪನಿಂಗ್ ಬುಕ್ ಮಾವ,” ಎಂದು ಅವನು ನಕ್ಕ.

ಅಲ್ಲಿಂದ ತಲೆಯೆತ್ತಿದರೆ ಮದನಿಕೆಯರು. ಹೊರಗೆ 38, ಒಳಗೆ 4. ಕನ್ನಡಿ ಹಿಡಿದವಳು, ಗಿಣಿಯೊಂದಿಗೆ ಮಾತಾಡುವವಳು, ಬೇಟೆಗೆ ಹೊರಟವಳು. ಒಬ್ಬಳಂತೆ ಇನ್ನೊಬ್ಬಳಿಲ್ಲ. ಭಂಗಿ, ಅಳತೆಗಳಿಗೆ ಇಲ್ಲೂ ಶಾಸ್ತ್ರ ಇದ್ದೇ ಇದೆ. ಆದರೆ ಸೀರೆ ಸರಿದ ಆ ಕ್ಷಣದ ಗಾಬರಿ ಶಾಸ್ತ್ರದ ಯಾವ ಸಾಲಿನಲ್ಲೂ ಸಿಗುವಂಥದ್ದಲ್ಲ. ಇಲ್ಲಿ ಕೆಲಸ ಮಾಡಿದ ಶಿಲ್ಪಿಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಕಲ್ಲಿನಲ್ಲಿ ಬಿಟ್ಟುಹೋಗಿದ್ದಾರೆ. ಅಳತೆ ಶಾಸ್ತ್ರದ್ದು, ಕಸುಬು ಅಪ್ಪನದು, ಹಣ ಅರಸನದು. ಆದರೂ ಕೆಳಗೆ ಹೆಸರು ತಮ್ಮದು. ಇದನ್ನು ಅಹಂಕಾರ ಎಂದು ಓದಬಹುದು. ನನಗೆ ಅದು ಹೊಣೆ ಹೊತ್ತ ಗುರುತಿನಂತೆ ಕಾಣುತ್ತದೆ. ಎಲ್ಲಿಂದ ಕಲಿತಿದ್ದರೂ ಸರಿ, ಇಲ್ಲಿ ನಿಂತಿರುವುದಕ್ಕೆ ನಾನು ಜವಾಬ್ದಾರ, ಲೆಕ್ಕ ಕೇಳುವುದಿದ್ದರೆ ನನ್ನನ್ನು ಕೇಳಿ.

ಅದೇ ಆವರಣದಲ್ಲಿ ರಾಣಿ ಶಾಂತಲೆ ಕಟ್ಟಿಸಿದ ಕಪ್ಪೆ ಚೆನ್ನಿಗರಾಯನ ಗುಡಿ ಇದೆ. ಜಕಣಾಚಾರಿ, ಡಂಕಣರ ಕತೆ ಕೇಳದ ಕನ್ನಡದ ಮಗು ಇಲ್ಲ. ಹೆಸರಾಂತ ಶಿಲ್ಪಿ ಕಡೆದ ಮೂರ್ತಿಯ ಕಲ್ಲಿನಲ್ಲಿ ದೋಷವಿದೆ ಎಂದು ಊರಿಗೆ ಹೊಸಬನಾದ ಹುಡುಗ ಹೇಳುತ್ತಾನೆ. ಮೂರ್ತಿಗೆ ಗಂಧ ಬಳಿಯುತ್ತಾರೆ. ಎಲ್ಲ ಕಡೆ ಒಣಗುತ್ತದೆ, ಹೊಕ್ಕುಳ ಬಳಿ ಮಾತ್ರ ಒಣಗುವುದಿಲ್ಲ. ಉಳಿ ಇಟ್ಟರೆ ನೀರು, ಮರಳು, ಕಪ್ಪೆ. ಶಾಸನಗಳಲ್ಲಿ ಜಕಣಾಚಾರಿ ಸಿಗುವುದಿಲ್ಲ, ಇದು ಕತೆ. ಆದರೆ ಜನ ಇಷ್ಟು ಕಾಲ ಇದನ್ನು ಹೇಳಿಕೊಂಡು ಬಂದದ್ದಕ್ಕೆ ಕಾರಣವಿದೆ. ಎಲ್ಲರೂ ಹೆಸರನ್ನು ನೋಡುತ್ತಿದ್ದಾಗ ಹುಡುಗ ಕಲ್ಲನ್ನು ನೋಡಿದ. ಬೈಗುಳದಿಂದ ಉತ್ತರ ಹೇಳಲಿಲ್ಲ, ಗಂಧ ಬಳಿದು ತೋರಿಸಿದ. ದೊಡ್ಡ ಶಿಲ್ಪಿಯೂ ಗಂಧ ಬಳಿಯಲು ಬಿಟ್ಟ. ತರಗತಿಯಲ್ಲಿ ನಾನು ಅಷ್ಟನ್ನೂ ಬಿಟ್ಟಿರಲಿಲ್ಲ.

ನೆರಳಲ್ಲಿ ಕೂತು ನಾನು ಅವನಿಗೆ ಇನ್ನೊಂದು ಹೊಯ್ಸಳರ ಕಾಲದ ಸಂಗತಿ ಹೇಳಿದೆ. ದೊರೆ ಸೋಮೇಶ್ವರನ ಕಾಲದಲ್ಲಿ ಮಲ್ಲಿಕಾರ್ಜುನ ಎಂಬವನು ಹಿಂದಿನ ಕವಿಗಳ ಒಳ್ಳೆಯ ಪದ್ಯಗಳನ್ನು ಆಯ್ದು ‘ಸೂಕ್ತಿಸುಧಾರ್ಣವ’ ಎಂಬ ಸಂಕಲನ ಮಾಡಿದ. ಅವನ ಮಗ ಕೇಶಿರಾಜ ಸುಮಾರು 1260ರಲ್ಲಿ ‘ಶಬ್ದಮಣಿದರ್ಪಣ’ ಬರೆದ. ಅಪ್ಪ ಚೆನ್ನಾಗಿರುವುದನ್ನು ಒಟ್ಟುಹಾಕಿದ. ಮಗ ಪೂರ್ವಕವಿಗಳ ಪ್ರಯೋಗಗಳನ್ನು ಮುಂದಿಟ್ಟುಕೊಂಡು, ಭಾಷೆ ಯಾಕೆ ಹೀಗೆ ನಡೆಯುತ್ತದೆ ಎಂದು ಸೂತ್ರ ಹುಡುಕಿದ. ಸಂಗ್ರಹ ಇಲ್ಲದೆ ಸೂತ್ರ ಹುಟ್ಟುವುದು ಕಷ್ಟ. ಆದರೆ ಸಂಗ್ರಹವೇ ಸೂತ್ರವಲ್ಲ.

“ಅಂದ್ರೆ ಬುಕ್ ಇಲ್ಲದೆ ಆಗೋದೇ ಇಲ್ಲ ಅಂತೀರಾ? ಆಲ್ಫಾಜೀರೊ ಆಡ್ತಲ್ಲ ಮಾವ,” ಎಂದ.

*

ಅವನ ಆಕ್ಷೇಪಣೆ ಗಟ್ಟಿಯಾದದ್ದು. 2017ರ ಡಿಸೆಂಬರ್‌ನಲ್ಲಿ ಡೀಪ್‌ಮೈಂಡ್ ಕಂಪನಿ ಆಲ್ಫಾಜೀರೊ ಎಂಬ ಪ್ರೋಗ್ರಾಂ ಬಗ್ಗೆ ಪ್ರಕಟಿಸಿತು. ಅದಕ್ಕೆ ಚೆಸ್ಸಿನ ನಿಯಮ ಬಿಟ್ಟು ಬೇರೇನನ್ನೂ ಕಲಿಸಿರಲಿಲ್ಲ. ಓಪನಿಂಗ್ ಬುಕ್ ಇಲ್ಲ, ಮನುಷ್ಯರ ಒಂದು ಆಟವೂ ಇಲ್ಲ. ತನ್ನೊಂದಿಗೆ ತಾನೇ ಆಡಿ ಕಲಿತು, ಆಗ ಬಲಿಷ್ಠ ಎಂಜಿನ್‌ಗಳಲ್ಲಿ ಒಂದಾಗಿದ್ದ ಸ್ಟಾಕ್‌ಫಿಶ್ ಎದುರು 100 ಆಟಗಳಲ್ಲಿ 28 ಗೆದ್ದು 72 ಡ್ರಾ ಮಾಡಿಕೊಂಡಿತು. ಒಂದೂ ಸೋಲಲಿಲ್ಲ.

ಆಗ ಎದ್ದ ಗಲಾಟೆ ನಮ್ಮ ಪ್ರಶ್ನೆಗೆ ಬಹಳ ಹತ್ತಿರದ್ದು. ಸ್ಟಾಕ್‌ಫಿಶ್‌ಗೆ ಓಪನಿಂಗ್ ಬುಕ್ ಕೊಡದೆ ಆಡಿಸಿದ್ದು ಅನ್ಯಾಯ, ಅದು ಅದರ ನಿಜವಾದ ಬಲವಲ್ಲ ಎಂದು ಕೆಲವರು ದೂರಿದರು. ನಮ್ಮ ಹುಡುಗ ಪುಸ್ತಕ ಇರುವುದರಿಂದ ಇದು ನಿಜವಾದ ಬಲವಲ್ಲ ಎನ್ನುತ್ತಾನೆ. ಅವರು ಪುಸ್ತಕ ಇಲ್ಲದ್ದರಿಂದ ನಿಜವಾದ ಬಲವಲ್ಲ ಎನ್ನುತ್ತಾರೆ. ಮರುವರ್ಷ ಪ್ರಕಟವಾದ ಪ್ರಬಂಧದಲ್ಲಿ ಬಲವಾದ ಪುಸ್ತಕ ಕೊಟ್ಟ ಸ್ಟಾಕ್‌ಫಿಶ್ ಎದುರೂ ಆಲ್ಫಾಜೀರೊ ಗೆದ್ದದ್ದು ವರದಿಯಾಯಿತು. ಆ ವಾದ ತಣ್ಣಗಾಯಿತು. ಪ್ರಶ್ನೆ ಹಾಗೇ ಉಳಿಯಿತು. ಬಲ ಎಂದರೆ ಎಷ್ಟು?

ಚೆಸ್ಸಿನಲ್ಲಿ ಬಲವನ್ನು ಅಳೆಯುವ ಈಲೊ ಅಂಕಿಗೆ ಈ ತೊಡಕೇ ಇಲ್ಲ. ನೂರು ಅಂಕಿ ಹೆಚ್ಚಿದ್ದವನು ನೂರು ಆಟದಲ್ಲಿ ಸುಮಾರು 64 ಪಾಯಿಂಟ್ ಗಳಿಸಬೇಕು, ಅಷ್ಟೇ ಅದರ ಲೆಕ್ಕ. ನಡೆ ಎಲ್ಲಿಂದ ಬಂತು ಎಂದು ಅದು ಕೇಳುವುದಿಲ್ಲ. ನಮ್ಮ ಮಾರ್ಕ್ಸ್ ಕಾರ್ಡೂ ಕೇಳುವುದಿಲ್ಲ.

ಆಲ್ಫಾಜೀರೊಗೆ ಪುಸ್ತಕ ಬೇಡವಾಯಿತು ನಿಜ. ಆದರೆ ಅದು ಕಲಿಯಲು ಆಡಿದ ಆಟಗಳ ಸಂಖ್ಯೆ 4 ಕೋಟಿ 40 ಲಕ್ಷ. ಹಾಗೆ ಆಡುತ್ತಾ ಮನುಷ್ಯರು ನೂರಾರು ವರ್ಷಗಳಲ್ಲಿ ಕಂಡುಕೊಂಡ ಹಲವು ಓಪನಿಂಗ್‌ಗಳನ್ನು ತಾನೂ ಕಂಡುಕೊಂಡಿತು, ಕೆಲವನ್ನು ಕೈಬಿಟ್ಟಿತು. ನಾನು ದಿನಕ್ಕೆ ಹತ್ತು ಆಟ ಆಡಿದರೂ ಅಷ್ಟು ಮುಗಿಸಲು ಹನ್ನೆರಡು ಸಾವಿರ ವರ್ಷ ಬೇಕು. ಮನುಷ್ಯರು ಪುಸ್ತಕ ಬರೆಯುವುದು, ಗುರುವಿನ ಬಳಿ ಹೋಗುವುದು, ಅಜ್ಜಿಯ ಮಾತು ಕೇಳುವುದು ಬುದ್ಧಿ ಕಡಿಮೆ ಎಂದಲ್ಲ, ಆಯಸ್ಸು ಕಡಿಮೆ ಎಂದು. ಯಾವ ಅಣಬೆ ವಿಷ ಎಂದು ಪ್ರತಿ ತಲೆಮಾರೂ ತಿಂದು ನೋಡಬೇಕಾಗಿಲ್ಲ. ಬೇರೆಯವರು ಸೋತ ಆಟಗಳನ್ನು ನಾವು ಮತ್ತೆ ಸೋಲದಿರುವುದು ಮೋಸವಲ್ಲ. ಅದು ಅವರ ಋಣ.

ಹಾಗಿದ್ದರೆ ಇನ್ನೊಂದು ತುದಿಯನ್ನೂ ನೋಡಬೇಕು. ಎಂದೂ ಮುಗಿಯದ ಪುಸ್ತಕ ಇದ್ದಿದ್ದರೆ? ಕ್ಲಾಡ್ ಶಾನನ್ 1950ರ ಪ್ರಬಂಧದಲ್ಲಿ ಚೆಸ್ ಆಟದ ಸಾಧ್ಯತೆಗಳು ಒಂದರ ಮುಂದೆ 120 ಸೊನ್ನೆಗಳಷ್ಟು ಎಂದು ಅಂದಾಜು ಮಾಡಿದ್ದ. ಹಾಗಾಗಿ ಪೂರ್ತಿ ಪುಸ್ತಕ ಬರೆಯುವಂತಿಲ್ಲ. ಆದರೆ ಬರೆಯಬಹುದು ಎಂದೇ ಇಟ್ಟುಕೊಳ್ಳಿ. 1981ರಲ್ಲಿ ನೆಡ್ ಬ್ಲಾಕ್ ಎಂಬ ತತ್ವಶಾಸ್ತ್ರಜ್ಞ ಮಾತುಕತೆಯ ಬಗ್ಗೆ ಇಂಥದೇ ಕಲ್ಪನೆ ಮಾಡಿದ. ಯಾವ ಮಾತಿಗೆ ಯಾವ ಉತ್ತರ ಎಂದು ಎಲ್ಲವನ್ನೂ ಮೊದಲೇ ತುಂಬಿಟ್ಟ ಯಂತ್ರ. ಅದು ಜಾಣನಂತೆ ಮಾತಾಡುತ್ತದೆ, ಆದರೆ ಆ ಜಾಣತನವೆಲ್ಲ ತುಂಬಿಟ್ಟವರದು, ಯಂತ್ರದ್ದು ಏನೂ ಇಲ್ಲ ಎಂದು ಅವನ ವಾದ.

ಮೊದಲು ಓದಿದಾಗ ನನಗೆ ಇದು ತತ್ವಶಾಸ್ತ್ರದವರ ಆಟ ಎನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಇವತ್ತಿನ ವಿದ್ಯಾರ್ಥಿಯ ಕಿಸೆಯಲ್ಲಿ ಯಾವ ಪ್ರಶ್ನೆಗೂ ಒಂದು ಉತ್ತರ ಬರೆದುಕೊಡುವ ಉಪಕರಣ ಇದೆ. ಗೈಡ್ ಪುಸ್ತಕಕ್ಕೆ ಒಂದು ಒಳ್ಳೆಯ ಗುಣ ಇತ್ತು: ಅದು ಎಲ್ಲೋ ಒಂದು ಕಡೆ ಮುಗಿಯುತ್ತಿತ್ತು. ಅದರಲ್ಲಿಲ್ಲದ ಪ್ರಶ್ನೆ ಬಂದಾಗ ನಾವು ಪೆನ್ನು ಕಚ್ಚುತ್ತಾ ಕೂರಬೇಕಿತ್ತು. ನನಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಗೊತ್ತಾಗುತ್ತಿದ್ದದ್ದು ಆ ಹೊತ್ತಿನಲ್ಲಿ. ಬುತ್ತಿ ಮುಗಿಯದೆ ಹೋದರೆ ಅಡುಗೆ ಬರುತ್ತದೆಯೇ ಎಂದು ತಿಳಿಯುವ ದಿನವೇ ಬರುವುದಿಲ್ಲ.

*

ಈಗ ಎಂಜಿನ್‌ಗಳ ಲೋಕ ಈ ಪ್ರಶ್ನೆಗೆ ಕಂಡುಕೊಂಡಿರುವ ದಾರಿ ನೋಡಿ. ಇಂದಿನ ಸ್ಟಾಕ್‌ಫಿಶ್ ತನ್ನ ಜೊತೆ ಯಾವ ಓಪನಿಂಗ್ ಬುಕ್ಕನ್ನೂ ಹೊತ್ತು ಬರುವುದಿಲ್ಲ. ಅದರ ತಡಕಾಟವೇ ಅಷ್ಟು ಆಳವಾಗಿದೆ, ಪುಸ್ತಕದಿಂದ ಸಿಗುವ ಲಾಭ ಸಣ್ಣದು. ಆದರೂ ಪುಸ್ತಕಗಳು ಹೋಗಿಲ್ಲ, ಅವುಗಳ ಕೆಲಸ ಬದಲಾಗಿದೆ. ಟಿಸಿಇಸಿ ಎಂಬ ಎಂಜಿನ್‌ಗಳ ಚಾಂಪಿಯನ್‌ಷಿಪ್‌ನಲ್ಲಿ ಸಂಘಟಕರೇ ಶುರುವಿನ ನಡೆಗಳನ್ನು ಆಯ್ದು ಕೊಡುತ್ತಾರೆ. ಬೇಕೆಂದೇ ಒಂದು ಕಡೆ ತುಸು ವಾಲಿದ ಸ್ಥಿತಿ, ಇಲ್ಲದಿದ್ದರೆ ಎಲ್ಲವೂ ಡ್ರಾ. ಅದೇ ಸ್ಥಿತಿಯಿಂದ ಎರಡು ಆಟ. ಒಮ್ಮೆ ನೀನು ಬಿಳಿ, ಒಮ್ಮೆ ನಾನು. ಯಾರಿಗೂ ತಮ್ಮ ಬುತ್ತಿ ಇಲ್ಲ, ಇಬ್ಬರಿಗೂ ಒಂದೇ ಎಲೆ. ಮೊದಲು ಉತ್ತರವಾಗಿದ್ದ ಪುಸ್ತಕ ಈಗ ಪ್ರಶ್ನೆಪತ್ರಿಕೆಯಾಗಿದೆ.

ಪರಂಪರೆಯ ಜೊತೆ ನಮ್ಮ ನಂಟು ಹೀಗೇ ಇರಬೇಕೇನೋ. ನಾವು ಯಾರೂ ಖಾಲಿ ಬೋರ್ಡಿನಿಂದ ಶುರುಮಾಡುವುದಿಲ್ಲ. ಭಾಷೆ, ಊರು, ಮನೆತನ, ಓದು ಎಂದು ಮೊದಲ ಹತ್ತಾರು ನಡೆಗಳನ್ನು ನಮ್ಮ ಪರವಾಗಿ ಬೇರೆಯವರು ಆಡಿಬಿಟ್ಟಿರುತ್ತಾರೆ. ಕೆಲವರಿಗೆ ವಾಲಿದ ಬೋರ್ಡೇ ಸಿಕ್ಕಿರುತ್ತದೆ, ಅವರಿಗೆ ಬಣ್ಣ ಬದಲಿಸಿ ಇನ್ನೊಂದು ಆಟ ಕೊಡುವವರೂ ಇರುವುದಿಲ್ಲ. ಆ ನಡೆಗಳಿಗೆ ಹೆಮ್ಮೆಪಡುವುದರಲ್ಲಿ ಅರ್ಥವಿಲ್ಲ, ನಾಚುವುದರಲ್ಲೂ ಇಲ್ಲ. ಅವು ತಂದು ನಿಲ್ಲಿಸಿದ ಜಾಗ ನಮ್ಮದು, ಮುಂದಿನ ನಡೆ ನಮ್ಮದು. ನಾನು ಎಲ್ಲಿಯವರೆಗೆ ಎರವಲು ತಂದೆ, ಎಲ್ಲಿಂದ ನನ್ನದು ಎಂದು ಹೇಳುವ ಪ್ರಾಮಾಣಿಕತೆ ಇದ್ದರೆ, ಯಾಕೆ ಎಂದು ಕೇಳಿದವರ ಮೇಲೆ ರೇಗದೆ ಇದ್ದರೆ, ಎರವಲಿನಲ್ಲಿ ತಪ್ಪಿಲ್ಲ.

ಇದನ್ನೆಲ್ಲ ಇಷ್ಟು ಸ್ಪಷ್ಟವಾಗಿ ಅವತ್ತು ಹೇಳಲಿಲ್ಲ. ದೇವಸ್ಥಾನದಿಂದ ಮನೆಗೆ ಬರುತ್ತಾ ಅರ್ಧಂಬರ್ಧ ಹೇಳಿದೆ. ಉಳಿದರ್ಧವನ್ನು ಅವನೇ ಮಾಡಿದ. ಪುಸ್ತಕವನ್ನು ತೆಗೆಯಲಿಲ್ಲ. ಆದರೆ ತನ್ನ ಎಂಜಿನ್‌ಗೆ ಆಡಲು ಬರದ ಸ್ಥಿತಿಗಳಿಗೆ ಒಯ್ಯುವ ಸಾಲುಗಳನ್ನು ಒಂದೊಂದಾಗಿ ನೋಡಿ ಅಳಿಸಿದ. ಪುಸ್ತಕ ಸಣ್ಣದಾಯಿತು. ಯಾವ ನಡೆಯವರೆಗೆ ಪುಸ್ತಕ, ಎಲ್ಲಿಂದ ಎಂಜಿನ್ ಎಂದು ಪರದೆಯ ಮೇಲೆ ಕಾಣುವಂತೆ ಮಾಡಿದ. ವರದಿಯಲ್ಲಿ ಪುಸ್ತಕ ಎಲ್ಲಿಯದು ಎಂದು ಬರೆದ. ಪುಸ್ತಕ ಇಲ್ಲದೆ ಆಡಿಸಿದಾಗ ಬಂದ ಫಲಿತಾಂಶವನ್ನೂ, ಅದು ಚೆನ್ನಾಗಿಲ್ಲದಿದ್ದರೂ, ಪಕ್ಕದಲ್ಲೇ ಕೊಟ್ಟ. ಸ್ಪರ್ಧೆ ಇನ್ನೂ ನಡೆಯಬೇಕು.

ಹೊರಡುವ ಹಿಂದಿನ ಸಂಜೆ ಜಗಲಿಯ ಮೇಲೆ ಬೋರ್ಡ್ ಹಾಕಿದೆವು. ನಾನು ಎಂದಿನಂತೆ ಶುರುಮಾಡಿದೆ: ಪದಾತಿ, ಕುದುರೆ, ಒಂಟೆ. ಆಮೇಲೆ ಅಂಚಿನ ಪದಾತಿಯನ್ನು ಒಂದು ಮನೆ ಮುಂದೆ ತಳ್ಳಲು ಕೈ ಹೋಯಿತು.

“ಅದನ್ನ ಯಾವಾಗ್ಲೂ ಆಡ್ತೀರಲ್ಲ, ಯಾಕೆ ಮಾವ?” ಎಂದ.

“ಗೊತ್ತಿಲ್ಲ ಕಣೋ. ನನಗೆ ಕಲಿಸಿದವರು ಆಡ್ತಿದ್ರು,” ಎಂದೆ. ಆ ಹುಡುಗಿಗೆ ಹೇಳಬೇಕಾಗಿದ್ದ ಮಾತು ಇಷ್ಟೇ ಆಗಿತ್ತು.

ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಬೋರ್ಡ್ ನೋಡಿದೆ. ಎದುರಾಳಿಯ ಒಂಟೆ ಬಂದು ನನ್ನ ಕುದುರೆಯನ್ನು ಕಟ್ಟಿಹಾಕದಿರಲಿ ಎಂದು ಆ ನಡೆ ಇರಬೇಕು. ಆದರೆ ಅವನ ಒಂಟೆಯ ದಾರಿಗೆ ಅವನದೇ ಪದಾತಿ ಇನ್ನೂ ಅಡ್ಡ ನಿಂತಿತ್ತು. ಸದ್ಯಕ್ಕೆ ಆ ನಡೆ ಬೇಕಿರಲಿಲ್ಲ. ಹಾಗಾದರೆ ಏನು ಬೇಕು ಎಂದು ನೋಡುತ್ತಾ ಕೂತೆ. ಒಳಗಿಂದ ತಂಗಿ ಎರಡು ಸಲ ಊಟಕ್ಕೆ ಕರೆದಳು.